ಹಳೆಯ ಭಾವಚಿತ್ರದ ಅಚ್ಚು ಯಾರ ಕೈಯದ್ದು? ಕಲಾವಿದನನ್ನು ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಹಳೆ ಮನೆಗಳ ಚಾವಡಿಯಲ್ಲಿ ಮಾಡಿನ ಕೆಳಗೆ ಸಾಲಾಗಿ ಫ್ರೇಮು ಹಾಕಿದ ಚಿತ್ರಗಳಿರುತ್ತವೆ. ಕ್ರೈಸ್ತರ ಮನೆಯಾದರೆ ಹದಿಮೂರನೇ ಲಿಯೋ ಪೋಪ್ ಇರಬಹುದು, ಮಾರ್ಟಿನ್ ಲೂಥರ್ ಇರಬಹುದು. ದೊಡ್ಡ ಗುತ್ತಿನ ಮನೆಯಲ್ಲಿ ವಿಕ್ಟೋರಿಯಾ ರಾಣಿ, ಮೈಸೂರಿನ ಮಹಾರಾಜರು. ರಥಬೀದಿಯ ಮನೆಗಳಲ್ಲಿ ರವಿವರ್ಮನ ಬಣ್ಣದ ಚಿತ್ರಗಳು. ಮನೆ ಪಾಲಾಗುವಾಗ, ಕೆಡವುವಾಗ ಇವೆಲ್ಲ ಕೆಳಗಿಳಿಯುತ್ತವೆ. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: ಇದನ್ನು ಬಿಡಿಸಿದ್ದು ಯಾರು?

ಪ್ರಶ್ನೆಯಲ್ಲೇ ಒಂದು ತೊಡಕು ಉಂಟು. ಕೈಯಿಂದ ಬಿಡಿಸಿದ ಚಿತ್ರಕ್ಕೆ ಒಬ್ಬ ಕಲಾವಿದ ಸಾಕು. ಅಚ್ಚಿನ ಚಿತ್ರದ ಹಿಂದೆ ಹೆಚ್ಚಾಗಿ ಮೂರ್ನಾಲ್ಕು ಜನ ಇರುತ್ತಾರೆ. ಒಬ್ಬ ಎಣ್ಣೆಬಣ್ಣದಲ್ಲಿ ಮೂಲ ಚಿತ್ರ ಬರೆದ. ಇನ್ನೊಬ್ಬ ಅದನ್ನು ನೋಡಿಕೊಂಡು ತಾಮ್ರದ ತಗಡಿನ ಮೇಲೆ ಕೆತ್ತಿದ, ಇಲ್ಲವೇ ಕಲ್ಲಿನ ಮೇಲೆ ಬಿಡಿಸಿದ. ಮತ್ತೊಬ್ಬ ಅಚ್ಚು ಹಾಕಿದ. ಕೊನೆಯವನು ದುಡ್ಡು ಹಾಕಿ ಪ್ರಕಟಿಸಿ ಮಾರಿದ. ಇವರಲ್ಲಿ ನಿಮಗೆ ಬೇಕಾದವನು ಯಾರು ಎಂದು ತಿಳಿಯಬೇಕಾದರೆ, ಮೊದಲು ಚಿತ್ರ ಯಾವ ವಿಧಾನದಲ್ಲಿ ಅಚ್ಚಾಗಿದೆ ಎಂದು ತಿಳಿಯಬೇಕು. ಹೆಸರು ಓದುವುದು ಆಮೇಲೆ.

ಈಗ ಎಲ್ಲರೂ ಮಾಡುವುದು ಉಲ್ಟಾ. ಫೋನಿನಲ್ಲಿ ಫೋಟೋ ಹೊಡೆದು ಗೂಗಲ್ ಲೆನ್ಸ್‌ಗೆ ಹಾಕುತ್ತಾರೆ. ಅದು ಚಿತ್ರದಲ್ಲಿರುವ ಮನುಷ್ಯ ಯಾರು ಎಂದು ಹೇಳೀತು. ಅದೇ ಮುಖದ ಪ್ರಸಿದ್ಧ ಎಣ್ಣೆಬಣ್ಣದ ಚಿತ್ರವನ್ನೂ ತೋರಿಸೀತು. ನಿಮ್ಮ ಕೈಯಲ್ಲಿರುವ ಹಾಳೆಯನ್ನು ಮಾಡಿದ್ದು ಯಾರು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಕೊನೆಯ ಹಂತಕ್ಕೆ ಇಟ್ಟುಕೊಳ್ಳಿ.

ಮೊದಲು ಫ್ರೇಮಿನಿಂದ ಹೊರಗೆ

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಾಗದ ತೇವ ಕುಡಿದು ಮೆತ್ತಗಾಗಿರುತ್ತದೆ, ಎಳೆದರೆ ಹರಿಯುತ್ತದೆ. ಡಿಸೆಂಬರ್, ಜನವರಿಯ ಒಣ ಹವೆಯಲ್ಲಿ, ನೇರ ಬಿಸಿಲು ಬೀಳದ ಜಾಗದಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕುಳಿತುಕೊಳ್ಳಿ.

ಬಿಚ್ಚುವ ಮೊದಲು ಫ್ರೇಮಿನ ಹಿಂಬದಿಯ ಫೋಟೋ ತೆಗೆಯಿರಿ. ಫ್ರೇಮು ಹಾಕಿದವರು ಒಳಗೆ ಹಳೆ ಪೇಪರ್ ಮಡಚಿ ಇಟ್ಟಿರುತ್ತಾರೆ. ಅದರ ತಾರೀಕು ಫ್ರೇಮಿನ ಕಾಲವನ್ನು ಹೇಳುತ್ತದೆ, ಚಿತ್ರದ ಕಾಲವನ್ನಲ್ಲ. ಆದರೂ ಬಿಸಾಡಬೇಡಿ. ಅಂಗಡಿಯ ಚೀಟಿ, ಪೆನ್ಸಿಲಿನಲ್ಲಿ ಬರೆದ ಹೆಸರು, ಹರಾಜಿನ ನಂಬರು, ಏನಿದ್ದರೂ ಸುಳಿವೇ.

ಗಾಜಿಗೆ ಚಿತ್ರ ಅಂಟಿಕೊಂಡಿದ್ದರೆ ಅಲ್ಲಿಗೆ ನಿಲ್ಲಿಸಿ. ನೀರು ಹಾಕಿ ಬಿಡಿಸಲು ಹೋಗಬೇಡಿ, ಬ್ಲೇಡು ಹಾಕಲೂ ಹೋಗಬೇಡಿ. ಗಾಜಿನ ಮೇಲಿಂದಲೇ ನೋಡಿದರೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಕಂದು ಚುಕ್ಕೆ ಬಂದಿದೆ ಎಂದು ರಬ್ಬರಿನಿಂದ ಉಜ್ಜುವುದೂ ಬೇಡ. ಬೂಷ್ಟು ಹಿಡಿದಿದ್ದರೆ ಬೇರೆ ಚಿತ್ರಗಳಿಂದ ದೂರ ಇಟ್ಟರೆ ಸಾಕು.

ಬಿಚ್ಚಿದ ಮೇಲೆ ಮೂರು ಅಳತೆ ತೆಗೆದುಕೊಳ್ಳಿ: ಚಿತ್ರದ್ದು, ತಗಡಿನ ಗುರುತಿನದ್ದು, ಪೂರ್ತಿ ಹಾಳೆಯದ್ದು. ಮಿಲಿಮೀಟರಿನಲ್ಲಿ, ಎತ್ತರ ಮೊದಲು, ಅಗಲ ಆಮೇಲೆ. ಮ್ಯೂಸಿಯಂಗಳು ಹೀಗೆಯೇ ಬರೆಯುತ್ತವೆ. ಮುಂದೆ ಹೋಲಿಸುವಾಗ ಈ ಅಂಕಿಗಳು ಬೇಕೇ ಬೇಕು. ತಗಡಿನ ಗುರುತು ಅಂದರೆ ಚಿತ್ರದ ಸುತ್ತ ಕಾಗದದಲ್ಲಿ ಒತ್ತಿ ಮೂಡಿದ ಚೌಕಟ್ಟು. ಲೋಹದ ತಗಡನ್ನು ಒದ್ದೆ ಕಾಗದದ ಮೇಲೆ ಬಲವಾಗಿ ಒತ್ತಿದಾಗ ಅಂಚು ಇಳಿದು ಆಗುವ ತಗ್ಗು ಅದು. ಟಾರ್ಚನ್ನು ಬದಿಯಿಂದ ಮಲಗಿಸಿ ಹಿಡಿದರೆ ಕಾಣುತ್ತದೆ.

ಲೆನ್ಸಿನ ಕೆಳಗೆ

ಇದೇ ಮುಖ್ಯ ಹಂತ, ಅವಸರ ಮಾಡಬೇಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಬೇಕು. ಅಕ್ಕಸಾಲಿಗರ ಹತ್ತಿರ, ಗಡಿಯಾರ ರಿಪೇರಿ ಮಾಡುವವರ ಹತ್ತಿರ ಇರುವಂಥದ್ದೇ. ಪರಿಚಯ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ, ಕೊಂಡರೂ ದುಬಾರಿಯಲ್ಲ. ಮೂರು ಕಡೆ ನೋಡಿ: ಕೆನ್ನೆಯ ನೆರಳು, ಹಿನ್ನೆಲೆಯ ಕಪ್ಪು, ಕೆಳಗಿನ ಅಕ್ಷರ.

ಕೆನ್ನೆಯ ಮೇಲೆ ಗೆರೆಗಳು ಕಂಡವು ಅಂದುಕೊಳ್ಳಿ. ಒಂದೇ ಒಂದು ಗೆರೆಯನ್ನು ಹಿಡಿದು ಅದರ ಉದ್ದಕ್ಕೂ ಹೋಗಿ. ಸಣ್ಣಗೆ ಶುರುವಾಗಿ, ನಡುವೆ ದಪ್ಪವಾಗಿ, ಮತ್ತೆ ಸೂಜಿಮೊನೆಯಂತೆ ಮುಗಿದರೆ ಅದು ಉಳಿಯಿಂದ ಲೋಹದಲ್ಲಿ ಕೆತ್ತಿದ್ದು, ಅಂದರೆ ಎನ್‌ಗ್ರೇವಿಂಗ್. ಕೈ ಒತ್ತಿದಲ್ಲಿ ದಪ್ಪ, ಎತ್ತಿದಲ್ಲಿ ತೆಳು. ಗೆರೆ ಉದ್ದಕ್ಕೂ ಒಂದೇ ದಪ್ಪವಿದ್ದು ತುದಿ ಮೊಂಡಾಗಿದ್ದರೆ ಅದು ಎಚ್ಚಿಂಗ್. ಅಲ್ಲಿ ಲೋಹವನ್ನು ತಿಂದದ್ದು ಆಸಿಡ್, ಉಳಿ ಅಲ್ಲ. ಒಂದೇ ಚಿತ್ರದಲ್ಲಿ ಎರಡೂ ಇರುವುದು ಜಾಸ್ತಿ. ಬಟ್ಟೆಗೆ ಎಚ್ಚಿಂಗ್, ಮುಖಕ್ಕೆ ಉಳಿ.

ಮುಖವೆಲ್ಲ ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿದ್ದರೆ ಎರಡು ಸಾಧ್ಯತೆ. ಚುಕ್ಕೆಗಳು ಅಲ್ಲಲ್ಲಿ ಒತ್ತಾಗಿ, ಅಲ್ಲಲ್ಲಿ ದೂರವಾಗಿ, ಕೈಯಿಂದ ಇಟ್ಟಂತೆ ಇದ್ದರೆ ಅದು ಸ್ಟಿಪಲ್. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನಲ್ಲಿ ಫ್ರಾನ್ಸೆಸ್ಕೋ ಬಾರ್ತೊಲೊಜ್ಜಿ ಎಂಬ ಇಟಲಿಯವನು ಇದನ್ನು ಫ್ಯಾಶನ್ ಮಾಡಿದ. ಚುಕ್ಕೆಗಳು ಗ್ರಾಫ್ ಹಾಳೆಯ ಹಾಗೆ ಸರಿಯಾದ ಸಾಲಿನಲ್ಲಿ, ಸಮಾನ ದೂರದಲ್ಲಿದ್ದು, ಗಾತ್ರ ಮಾತ್ರ ಹೆಚ್ಚುಕಡಿಮೆ ಆಗುತ್ತಿದ್ದರೆ ಅದು ಹಾಫ್‌ಟೋನ್. ಅದು ಕ್ಯಾಮೆರಾದ ಕೆಲಸ, 1880ರ ದಶಕಕ್ಕಿಂತ ಹಿಂದಿನದ್ದಾಗುವುದು ತೀರಾ ಅಪರೂಪ. ನಾಲ್ಕು ಬಣ್ಣದ ಚುಕ್ಕೆಗಳು ಹೂವಿನ ಆಕಾರದಲ್ಲಿ ಸೇರಿಕೊಂಡಿದ್ದರೆ ಇತ್ತೀಚಿನ ಆಫ್‌ಸೆಟ್. ಅಂಥದ್ದನ್ನು ಯಾರಾದರೂ ಇನ್ನೂರು ವರ್ಷ ಹಳೆಯದು ಎಂದು ಮಾರಲು ಬಂದರೆ ನಗುತ್ತಾ ಬೀಳ್ಕೊಡಿ.

ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ, ಕಪ್ಪಿನಿಂದ ಬಿಳಿಗೆ ನಯವಾಗಿ ಮಖಮಲ್ಲಿನಂತೆ ಹೋಗಿದೆಯೇ? ಆಗ ಮೆಜೊಟಿಂಟ್ ಇರಬಹುದು. ಇದರಲ್ಲಿ ತಗಡನ್ನು ಮೊದಲೇ ಪೂರ್ತಿ ಒರಟು ಮಾಡಿಕೊಂಡು, ಬೆಳಕು ಬೇಕಾದಲ್ಲಿ ಮಾತ್ರ ಉಜ್ಜಿ ನಯ ಮಾಡುತ್ತಾರೆ. ಕತ್ತಲೆಯಿಂದ ಬೆಳಕು ತೆಗೆಯುವ ಕೆಲಸ. 1642ರಲ್ಲಿ ಲುಡ್ವಿಗ್ ಫಾನ್ ಸೀಗೆನ್ ಎಂಬ ಜರ್ಮನ್ ಇದನ್ನು ಮೊದಲು ಮಾಡಿದ. ಇದು ಪಳಗಿದ್ದು ಮಾತ್ರ ಇಂಗ್ಲೆಂಡಿನಲ್ಲಿ. ಎಣ್ಣೆಬಣ್ಣದ ಭಾವಚಿತ್ರಗಳನ್ನು ಅಚ್ಚಿಗೆ ತರಲು 18ನೇ ಶತಮಾನದಲ್ಲಿ ಅಲ್ಲಿ ಇದನ್ನೇ ಬಳಸಿದರು. ಜೋಶುವಾ ರೆನಾಲ್ಡ್ಸ್ ಬರೆದ ಮುಖಗಳು ಊರೂರು ತಲುಪಿದ್ದು ಜೇಮ್ಸ್ ಮೆಕಾರ್ಡೆಲ್, ವ್ಯಾಲೆಂಟೈನ್ ಗ್ರೀನ್, ಜಾನ್ ರಾಫೆಲ್ ಸ್ಮಿತ್ ಇಂಥವರ ಮೆಜೊಟಿಂಟಿನಿಂದ. ಹೆಸರು ಮಾತ್ರ ರೆನಾಲ್ಡ್ಸ್‌ಗೆ ಹೋಯಿತು, ಅದು ಬೇರೆ ಮಾತು.

ಕಲ್ಲಚ್ಚು, ಅಂದರೆ ಲಿಥೋಗ್ರಾಫ್, ನೋಡಲು ಬೇರೆಯೇ. ಮೇಣದ ಪೆನ್ಸಿಲಿನಿಂದ ಒರಟು ಕಾಗದದ ಮೇಲೆ ಗೀಚಿದಂತೆ ಕಾಣುತ್ತದೆ. ತಗಡಿನ ಗುರುತು ಇರುವುದಿಲ್ಲ. ಶಾಯಿ ಕಾಗದದ ಮೇಲೆ ಚಪ್ಪಟೆಯಾಗಿ ಕೂತಿರುತ್ತದೆ. ಇದನ್ನು ಕಂಡುಹಿಡಿದದ್ದು ಅಲೋಯ್ಸ್ ಸೆನೆಫೆಲ್ಡರ್, 1790ರ ದಶಕದ ಕೊನೆಗೆ, ಜರ್ಮನಿಯಲ್ಲಿ. ಹಾಗಾಗಿ ಅದಕ್ಕಿಂತ ಹಳೆಯ ಕಲ್ಲಚ್ಚು ಎಂಬುದೇ ಇಲ್ಲ. ನಮ್ಮೂರಿಗೂ ಈ ವಿದ್ಯೆಗೂ ಹಳೆ ನಂಟು ಉಂಟು. ಸ್ವಿಟ್ಜರ್‌ಲ್ಯಾಂಡಿನ ಪ್ರೊಟೆಸ್ಟಂಟ್ ಪಾದ್ರಿಗಳ ಸಂಸ್ಥೆ ಬಾಸೆಲ್ ಮಿಶನ್ 1841ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಪ್ರೆಸ್ಸು ಕಲ್ಲಚ್ಚಿನದ್ದು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದ ಮಂಗಳೂರು ಸಮಾಚಾರ ಪತ್ರಿಕೆ ಅಚ್ಚಾದದ್ದೂ ಕಲ್ಲಿನ ಮೇಲೆಯೇ.

ಮರದಚ್ಚಿನಲ್ಲಿ ಉಬ್ಬಿದ ಭಾಗಕ್ಕೆ ಶಾಯಿ. ಇದಕ್ಕೂ ತಗಡಿನ ಗುರುತಿಲ್ಲ. 19ನೇ ಶತಮಾನದ ಪತ್ರಿಕೆಗಳಲ್ಲಿ ಬಂದ ಭಾವಚಿತ್ರಗಳು ಬಹುತೇಕ ಇವೇ. 1842ರಲ್ಲಿ ಶುರುವಾದ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಥರದ ಪತ್ರಿಕೆಗಳು ಸಣ್ಣ ಸಣ್ಣ ಮರದ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸಿ ದೊಡ್ಡ ಅಚ್ಚು ಮಾಡುತ್ತಿದ್ದವು. ಚಿತ್ರದ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ನೇರವಾಗಿ ಹಾದುಹೋಗಿದ್ದರೆ ಅದು ಆ ಜೋಡಣೆಯ ಸಂದು. ಹಾಳೆಯ ಹಿಂಬದಿ ಇಂಗ್ಲಿಷ್ ಸುದ್ದಿ ಇದ್ದರಂತೂ ಸಂಶಯವೇ ಬೇಡ.

ಕೊನೆಗೆ ಅಕ್ಷರಗಳನ್ನು ನೋಡಿ. ಕೆಳಗೆ 1770 ಎಂದು ಬರೆದಿದೆ, ಆದರೆ ಲೆನ್ಸಿನಲ್ಲಿ ಅಕ್ಷರಗಳೂ ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ಹಾಗಿದ್ದರೆ ಹಳೆ ಚಿತ್ರದ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದ್ದಾರೆ ಎಂದೇ ಅರ್ಥ. ನಿಜವಾಗಿ ಕೆತ್ತಿದ ಅಕ್ಷರದ ಅಂಚು ಚೂಪಾಗಿರುತ್ತದೆ, ಬದಿಯ ಬೆಳಕಿನಲ್ಲಿ ಶಾಯಿ ಕೊಂಚ ಎದ್ದು ನಿಂತಂತೆ ಕಾಣುತ್ತದೆ. ಫೋಟೋವನ್ನೇ ತಗಡಿಗೆ ಇಳಿಸುವ ಫೋಟೋಗ್ರಾವ್ಯೂರ್ ಎಂಬ ಒಂದು ವಿಧಾನ ಮಾತ್ರ ಪಳಗಿದವರನ್ನೂ ದಾರಿ ತಪ್ಪಿಸುತ್ತದೆ. ಅದರಲ್ಲಿ ತಗಡಿನ ಗುರುತೂ ಇರುತ್ತದೆ, ನಯವಾದ ನೆರಳೂ ಇರುತ್ತದೆ. ಆದರೆ ಅದು 1879ರ ಸುಮಾರಿಗೆ ಬಂದದ್ದು. ನೆರಳೆಲ್ಲ ಒಂದೇ ಥರದ ಸಣ್ಣ ಹುಡಿಯಂತಿದ್ದು, ಉಜ್ಜಿದ ಗುರುತು ಎಲ್ಲಿಯೂ ಇಲ್ಲದಿದ್ದರೆ ಅದನ್ನೇ ಶಂಕಿಸಿ.

ಕಾಗದ

ಕಿಟಕಿಗೆ ಹಿಡಿದು ನೋಡಿ. ಒತ್ತಾದ ಅಡ್ಡ ಗೆರೆಗಳೂ ದೂರ ದೂರ ಉದ್ದ ಗೆರೆಗಳೂ ಕಂಡರೆ ಹಳೆ ರೀತಿಯ ಜಾಲರಿ ಕಾಗದ. ಗೆರೆಯಿಲ್ಲದೆ ನಯವಾಗಿದ್ದರೆ 1750ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ವಾಟ್‌ಮನ್ ಶುರು ಮಾಡಿದ ಬಗೆಯದ್ದು, ಇಲ್ಲವೇ ಅದಕ್ಕಿಂತ ಈಚಿನದ್ದು. ನೀರಚ್ಚಿನಲ್ಲಿ, ಅಂದರೆ ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ವಾಟರ್‌ಮಾರ್ಕ್‌ನಲ್ಲಿ, ವರ್ಷ ಇದ್ದರೆ ನಿಮ್ಮ ಅದೃಷ್ಟ. ಆ ವರ್ಷಕ್ಕಿಂತ ಹಿಂದೆ ಈ ಹಾಳೆ ಅಚ್ಚಾಗಿರಲು ಸಾಧ್ಯವಿಲ್ಲ. ತಗಡು 1780ರದ್ದು, ಕಾಗದ 1820ರದ್ದು ಆಗಿರಬಹುದು. ಹಳೆ ತಗಡುಗಳನ್ನು ಕೊಂಡು ಮತ್ತೆ ಮತ್ತೆ ಅಚ್ಚು ಹಾಕುವುದು ಆಗ ಮಾಮೂಲಿ ವ್ಯಾಪಾರ.

ನೋಟು ಪರೀಕ್ಷೆ ಮಾಡುವ ಯುವಿ ಟಾರ್ಚ್ ಇದ್ದರೆ ಕತ್ತಲಲ್ಲಿ ಹಿಡಿದು ನೋಡಿ. ಕಾಗದ ನೀಲಿ ಬಿಳಿಯಾಗಿ ಫಳಫಳ ಹೊಳೆದರೆ ಅದರಲ್ಲಿ ಬಿಳುಪಿನ ರಾಸಾಯನಿಕ ಇದೆ, ಅಂದರೆ ಸುಮಾರು 1950ರ ಈಚಿನದ್ದು.

ಚಿತ್ರದ ಕೆಳಗಿನ ಸಣ್ಣ ಅಕ್ಷರ

ಈಗ ಹೆಸರುಗಳಿಗೆ ಬರೋಣ. ಚಿತ್ರದ ಕೆಳ ಅಂಚಿಗೆ ತಾಗಿದಂತೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರಗಳಿರುತ್ತವೆ. ಪದ್ಧತಿ ಹೀಗೆ: ಎಡಗಡೆ ಮೂಲ ಚಿತ್ರ ಬರೆದವನು, ಬಲಗಡೆ ಕೆತ್ತಿದವನು, ನಡುವೆ ಅಥವಾ ತೀರಾ ಕೆಳಗೆ ಪ್ರಕಾಶಕ. ಹೆಸರಿನ ಮುಂದೆ ಲ್ಯಾಟಿನ್ ಶಬ್ದದ ತುಂಡು ಇರುತ್ತದೆ. ಯಾರು ಏನು ಮಾಡಿದರು ಎಂದು ಅದೇ ಹೇಳುತ್ತದೆ.

ಪಿಂಕ್ಸ್ ಅಥವಾ ಪಿಂಕ್ಸಿಟ್ ಅಂದರೆ ಬಣ್ಣದಲ್ಲಿ ಬರೆದವನು. ಡೆಲ್ ಅಥವಾ ಡೆಲಿನ್ ಅಂದರೆ ರೇಖೆಯಲ್ಲಿ ಬಿಡಿಸಿದವನು. ಇವನು ಎಷ್ಟೋ ಸಲ ಮೂಲ ಚಿತ್ರಕಾರನೂ ಅಲ್ಲ, ಕೆತ್ತುವವನೂ ಅಲ್ಲ, ನಡುವೆ ನಕಲು ಬಿಡಿಸಿಕೊಟ್ಟವನು. ಇನ್ವ್ ಅಂದರೆ ಕಲ್ಪನೆ ಅವನದ್ದು. ಸ್ಕಲ್ಪ್, ಸ್ಕಲ್ಪ್‌ಸಿಟ್ ಅಥವಾ ಬರೀ ಎಸ್‌ಸಿ ಅಂದರೆ ಕೆತ್ತಿದವನು. ಎಸ್‌ಸಿ ಅಂದರೆ ಅವನ ಪದವಿ ಅಲ್ಲ ಮಾರಾಯ್ರೇ. ಇನ್ಸಿಡಿಟ್ ಅಂದರೂ ಕೆತ್ತಿದವನೇ. ಫೆಕ್ ಅಥವಾ ಫೆಸಿಟ್ ಅಂದರೆ ಮಾಡಿದವನು. ಮೆಜೊಟಿಂಟಿನಲ್ಲಿ ಈ ಶಬ್ದ ಬಂದರೆ ಹೆಚ್ಚಾಗಿ ತಗಡಿನ ಕೆಲಸ ಮಾಡಿದವನು ಎಂದೇ ತಿಳಿಯಿರಿ. ಎಕ್ಸ್‌ಕ್ ಅಥವಾ ಎಕ್ಸ್‌ಕುಡಿಟ್ ಇದ್ದರೆ ಪ್ರಕಾಶಕ. ಇಂಪ್ ಇದ್ದರೆ ಅಚ್ಚು ಹಾಕಿದವನು. ಆಡ್ ವೀವಮ್ ಎಂದಿದ್ದರೆ ಎದುರಿಗೆ ಕೂರಿಸಿಕೊಂಡು ಬಿಡಿಸಿದ್ದು ಎಂಬ ಹೇಳಿಕೆ.

ಲಿಥ್ ಎಂಬುದು ಮಾತ್ರ ಕೈಕೊಡುವ ಶಬ್ದ. ಕಲ್ಲಿನ ಮೇಲೆ ಬಿಡಿಸಿದ ಕಲಾವಿದನಿಗೂ ಅದೇ, ಪ್ರೆಸ್ಸಿನ ಯಜಮಾನನಿಗೂ ಅದೇ. ಹೆಸರಿನ ಜೊತೆ ಊರು, ಬೀದಿ, ಕಂಪನಿ ಇದ್ದರೆ ಪ್ರೆಸ್ಸು. ಒಬ್ಬಂಟಿ ಹೆಸರಾಗಿದ್ದರೆ ಕಲಾವಿದ. ಎಲ್ಲ ಸಲವೂ ಹೀಗೆಯೇ ಎನ್ನಲಾಗದು, ಆದರೆ ಶುರು ಮಾಡಲು ಸಾಕು. ಮರದಚ್ಚಿನಲ್ಲಿಯೂ ಇದೇ ಥರದ ಗೊಂದಲ. ಮೂಲೆಯಲ್ಲಿ ಡಾಲ್ಜಿಯಲ್ ಎಂದು ಕಂಡರೆ ಅದು ಕೆತ್ತನೆಯ ಕಾರ್ಖಾನೆ ನಡೆಸಿದ ಅಣ್ಣತಮ್ಮಂದಿರ ಸಹಿ, ಚಿತ್ರ ಬಿಡಿಸಿದವನದ್ದಲ್ಲ.

ಬಾಸೆಲ್ ಮಿಶನ್ ಕುಟುಂಬಗಳಿಂದ ಬಂದ ಚಿತ್ರಗಳಲ್ಲಿ ಜರ್ಮನ್ ಸಾಲುಗಳಿರುತ್ತವೆ. ಅಲ್ಲಿ ನಾಖ್ ಅಂದರೆ ಇಂಥವರ ಚಿತ್ರವನ್ನು ನೋಡಿ ಮಾಡಿದ್ದು. ಗೆಮಾಲ್ಟ್ ಅಂದರೆ ಬಣ್ಣದಲ್ಲಿ ಬರೆದದ್ದು, ಗೆಸ್ಟೋಖೆನ್ ಅಂದರೆ ಕೆತ್ತಿದ್ದು, ಗೆಡ್ರುಕ್ಟ್ ಅಂದರೆ ಅಚ್ಚಾದದ್ದು, ಫೆರ್ಲಾಗ್ ಅಂದರೆ ಪ್ರಕಾಶನ. ಫ್ರೆಂಚಿನಲ್ಲಿ ನಾಖ್‌ನ ಜಾಗಕ್ಕೆ ದಾಪ್ರೆ ಬರುತ್ತದೆ.

ಇಂಗ್ಲೆಂಡಿನ ಅಚ್ಚುಗಳಿಗೆ ಇನ್ನೊಂದು ಅನುಕೂಲ ಉಂಟು. ಚಿತ್ರಕಾರ ವಿಲಿಯಂ ಹೊಗಾರ್ತ್ ಮತ್ತು ಜೊತೆಗಾರರು ಕದ್ದು ಅಚ್ಚು ಹಾಕುವವರಿಂದ ಬೇಸತ್ತು ಹೋರಾಡಿದ ಮೇಲೆ 1735ರಲ್ಲಿ ಒಂದು ಕಾಯಿದೆ ಜಾರಿಗೆ ಬಂತು. ಹಕ್ಕು ಬೇಕಾದರೆ ಹಕ್ಕುದಾರನ ಹೆಸರು, ಪ್ರಕಟಣೆಯ ತಾರೀಕು ತಗಡಿನ ಮೇಲೆ ಇರಬೇಕು ಎಂದು ಅದು ಹೇಳಿತು. ಅಲ್ಲಿಂದ ಮುಂದೆ ಪಬ್ಲಿಶ್ಡ್ ಆಸ್ ದಿ ಆಕ್ಟ್ ಡೈರೆಕ್ಟ್ಸ್ ಎಂಬಂಥ ಸಾಲು, ತಾರೀಕು, ಬೀದಿಯ ಹೆಸರು ಬರುತ್ತವೆ. ಆ ತಾರೀಕು ಮೊದಲ ಪ್ರಕಟಣೆಯದ್ದು ಎಂಬುದು ನೆನಪಿರಲಿ. ಪ್ರಕಾಶಕರು ಅಂಗಡಿ ಬದಲಿಸುತ್ತಿದ್ದರು, ಪಾಲುದಾರರು ಬದಲಾಗುತ್ತಿದ್ದರು. ವಿಳಾಸದಿಂದಲೇ ಕಾಲವನ್ನು ಹತ್ತು ಹದಿನೈದು ವರ್ಷಕ್ಕೆ ಇಳಿಸಬಹುದು. ಉದಾಹರಣೆಗೆ ಲಂಡನ್ನಿನ ಒಂದೇ ಪ್ರೆಸ್ಸಿನ ಹೆಸರು ಕಲ್ಲಚ್ಚಿನಲ್ಲಿ ಡೇ ಅಂಡ್ ಹೇಗ್ ಎಂದಿದ್ದರೆ ಮೊದಲಿನದ್ದು, ಡೇ ಅಂಡ್ ಸನ್ ಎಂದಿದ್ದರೆ ಆಮೇಲಿನದ್ದು.

ಪ್ರಿಂಟೆಡ್ ಇನ್ ಜರ್ಮನಿ ಎಂಬುದೂ ಸುಳಿವೇ. 1887ರಲ್ಲಿ ಬ್ರಿಟನ್ನಿನ ಸರಕಿನ ಗುರುತಿನ ಕಾಯಿದೆ ಬಂದ ಮೇಲೆ ಸರಕಿನ ಮೇಲೆ ಹೀಗೆ ದೇಶದ ಹೆಸರು ಹಾಕುವುದು ಹೆಚ್ಚಾಯಿತು.

ಇನ್ನು ಸಹಿ. ಚಿತ್ರದ ಒಳಗೆ ಅಚ್ಚಾಗಿರುವ ಸಹಿ ಮೂಲ ಚಿತ್ರದ ಸಹಿಯ ನಕಲು ಅಷ್ಟೇ. ಕಲಾವಿದನ ಕೈ ಈ ಹಾಳೆಯನ್ನು ಮುಟ್ಟಿದೆ ಎಂದಲ್ಲ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಹಿ ಹಾಕುವ ರೂಢಿ ಬಲವಾದದ್ದು 19ನೇ ಶತಮಾನದ ಕೊನೆಯಲ್ಲಿ. 1790ರ ಅಚ್ಚಿನ ಮೇಲೆ ಚಂದದ ಪೆನ್ಸಿಲ್ ಸಹಿ ಕಂಡರೆ ಖುಷಿಪಡಬೇಡಿ, ಹುಬ್ಬೇರಿಸಿ.

ಹೆಸರೇ ಇಲ್ಲದಿದ್ದರೆ

ಫ್ರೇಮಿಗೆ ಹೊಂದಲಿ ಎಂದು ಅಂಚು ಕತ್ತರಿಸುವುದು ಎಲ್ಲ ಕಡೆ ನಡೆದಿದೆ. ಹೆಸರು ಹೋಗುವುದು ಅಲ್ಲಿಯೇ. ಇನ್ನು ಕೆಲವು ಹಾಳೆಗಳು ಅಕ್ಷರ ಕೆತ್ತುವ ಮೊದಲೇ ತೆಗೆದ ಪ್ರೂಫುಗಳು, ಅವುಗಳಲ್ಲಿ ಹೆಸರು ಇರಲೇ ಇಲ್ಲ.

ಆಗ ಚಿತ್ರದ ಒಳಗೆ ಹುಡುಕಿ. ಕುರ್ಚಿಯ ಕಾಲಿನ ಹತ್ತಿರ, ಪುಸ್ತಕದ ಬೆನ್ನಿನ ಮೇಲೆ, ಕಂಬದ ಬುಡದಲ್ಲಿ ಎರಡಕ್ಷರದ ಹೆಣೆದ ಸಹಿ ಇರಬಹುದು. ಇಂಥ ಸಹಿಗಳಿಗೆಂದೇ ಜರ್ಮನಿಯ ನಾಗ್ಲರ್ 19ನೇ ಶತಮಾನದಲ್ಲಿ ದೊಡ್ಡ ಕೋಶ ಮಾಡಿದ್ದಾನೆ. ಅದು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತದೆ. ಜರ್ಮನ್ ಬಾರದಿದ್ದರೂ ಅಕ್ಷರಗಳ ಆಕಾರ ನೋಡಿ ಹುಡುಕಬಹುದು.

ಚಿತ್ರದಲ್ಲಿರುವವರ ಬಿರುದು, ಪದಕ ಕಾಲ ಹೇಳುತ್ತವೆ. ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಕರೆದಿದ್ದರೆ ಅದು 1876ರ ಈಚಿನದ್ದು. ಶ್ರೀರಂಗಪಟ್ಟಣದ ಕಾಳಗದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯನ್ನು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎಂದಿದ್ದರೆ 1814ರ ಈಚಿನದ್ದು. ಬರೀ ಸರ್ ಆರ್ಥರ್ ಎಂದಿದ್ದರೆ 1804ರಿಂದ 1809ರ ನಡುವಿನದ್ದು. ಹದಿಮೂರನೇ ಲಿಯೋ ಪೋಪ್ ಆಗಿದ್ದದ್ದು 1878ರಿಂದ 1903ರವರೆಗೆ. ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದದ್ದೂ 1878ರ ಕೊನೆಗೆ. ನಮ್ಮಲ್ಲಿ ಆತನ ಚಿತ್ರ ಸಿಕ್ಕರೆ ಆಶ್ಚರ್ಯವೇನಿಲ್ಲ.

ಹೋಲಿಸುವ ಕೆಲಸ

ಈಗ ಇಂಟರ್ನೆಟ್ ತೆರೆಯಿರಿ. ಬ್ರಿಟಿಷ್ ಮ್ಯೂಸಿಯಂ, ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ, ಆಮ್ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ವೆಲ್ಕಮ್ ಕಲೆಕ್ಷನ್, ಈ ನಾಲ್ಕರಲ್ಲೂ ಅಚ್ಚಿನ ಭಾವಚಿತ್ರಗಳು ರಾಶಿ ಇವೆ. ಜರ್ಮನ್ ಮುಖಗಳಿಗೆ ಡಿಜಿಟಾಲರ್ ಪೋರ್ಟ್ರೇಟ್‌ಇಂಡೆಕ್ಸ್ ಎಂಬ ಜಾಲತಾಣ ಉಂಟು. ಬ್ರಿಟಿಷ್ ಮ್ಯೂಸಿಯಂನವರು ತಗಡಿನ ಮೇಲಿನ ಸಾಲುಗಳನ್ನು ಇದ್ದ ಹಾಗೆಯೇ ಟೈಪ್ ಮಾಡಿ ಹಾಕಿರುತ್ತಾರೆ. ಹಾಗಾಗಿ ಅರ್ಧ ಹರಿದ ಸಾಲಿನ ಮೂರು ಶಬ್ದ ಹಾಕಿ ಹುಡುಕಿದರೂ ಸಿಗಬಹುದು. ಇಂಗ್ಲೆಂಡಿನ ಮೆಜೊಟಿಂಟ್ ಆದರೆ ಜಾನ್ ಚಾಲೋನರ್ ಸ್ಮಿತ್ ಮಾಡಿದ ಪಟ್ಟಿಯೇ ಇಂದಿಗೂ ಆಧಾರ.

ಒಂದು ಉದಾಹರಣೆ ಹಿಡಿದು ನೋಡೋಣ. ಬಲ್ಮಠದ ಕಡೆಯ ಒಂದು ಮನೆಯಿಂದ ಲೂಥರನ ಚಿತ್ರ ಬಂದಿದೆ ಅಂದುಕೊಳ್ಳಿ. ಕಪ್ಪು ಟೋಪಿ, ಕಪ್ಪು ನಿಲುವಂಗಿ. ಮೇಲಿನ ಮೂಲೆಯಲ್ಲಿ ರೆಕ್ಕೆಯಿರುವ ಪುಟ್ಟ ಹಾವು, ಅದರ ಬಾಯಲ್ಲಿ ಉಂಗುರ. ಈ ಹಾವು ಲೂಕಾಸ್ ಕ್ರಾನಾಖ್‌ನ ಗುರುತು. 1508ರಲ್ಲಿ ಅವನ ದೊರೆ ಕೊಟ್ಟ ಲಾಂಛನ ಅದು. ವಿಟೆನ್‌ಬರ್ಗ್‌ನಲ್ಲಿ ಲೂಥರನ ಗೆಳೆಯನೇ ಆಗಿದ್ದ ಈ ಚಿತ್ರಕಾರ 1520ರಲ್ಲಿ ಸನ್ಯಾಸಿ ವೇಷದ ಲೂಥರನನ್ನು ತಾಮ್ರದ ತಗಡಿನಲ್ಲಿ ತಾನೇ ಕೆತ್ತಿದ್ದೂ ಹೌದು. ಇಷ್ಟು ಗೊತ್ತಾದ ಕೂಡಲೇ ಮನೆಯವರಿಗೆ ಐನೂರು ವರ್ಷದ ನಿಧಿ ಸಿಕ್ಕಿತು ಎನಿಸುವುದು ಸಹಜ.

ಲೆನ್ಸಿನಲ್ಲಿ ನೋಡಿದರೆ ಮುಖದ ಗೆರೆಗಳು ತೀರಾ ಸಣ್ಣ, ತೀರಾ ಒತ್ತು, ಬೂದುಬಣ್ಣದ ತೆಳು ಹೊಳಪು. ಇಷ್ಟು ಸಣ್ಣ ಗೆರೆ ತಾಮ್ರದಲ್ಲಿ ಬೇಗ ಸವೆದುಹೋಗುತ್ತದೆ. ಇದು ಉಕ್ಕಿನ ತಗಡಿನ ಲಕ್ಷಣ, 1820ರ ದಶಕದಿಂದೀಚೆಗೆ ರೂಢಿಗೆ ಬಂದದ್ದು. ಕಾಗದ ಗೆರೆಯಿಲ್ಲದ ನಯವಾದದ್ದು. ಎಡಗಡೆ ಎಲ್. ಕ್ರಾನಾಖ್ ಪಿಂಕ್ಸ್ ಎಂದಿದೆ, ಡೆಲ್ ಅಲ್ಲ, ಸ್ಕಲ್ಪ್ ಅಲ್ಲ. ಬಲಗಡೆ ಬೇರೊಂದು ಹೆಸರು, ಸ್ಕಲ್ಪ್. ನಡುವೆ ಫೆರ್ಲಾಗ್ ಮತ್ತು ಒಂದು ಜರ್ಮನ್ ಊರು. ಅಲ್ಲಿಗೆ ಕಥೆ ಸ್ಪಷ್ಟ. ಹಾವು ಮೂಲ ಚಿತ್ರದಲ್ಲಿತ್ತು, 19ನೇ ಶತಮಾನದ ಕೆತ್ತನೆಗಾರ ಅದನ್ನೂ ಬಿಡದೆ ನಕಲು ಮಾಡಿದ. ಈ ಹಾಳೆಯ ಕಲಾವಿದ ಬಲಗಡೆಯ ಹೆಸರಿನವನು. ಇನ್ನು ಹಾವಿನ ರೆಕ್ಕೆಯನ್ನು ನೋಡಿ. ಎದ್ದು ನಿಂತಿದ್ದರೆ ಮೂಲ ಚಿತ್ರ 1537ಕ್ಕಿಂತ ಹಿಂದಿನದ್ದು, ಮಡಚಿಕೊಂಡಿದ್ದರೆ ಆಮೇಲಿನದ್ದು. ಯಾವ ಮ್ಯೂಸಿಯಂನ ಯಾವ ಚಿತ್ರದಿಂದ ನಕಲಾಯಿತು ಎಂದು ಹುಡುಕಲು ಇದು ಸಾಕಷ್ಟು ಸಹಾಯ ಮಾಡುತ್ತದೆ.

ಇಂಥದ್ದೇ ಚಿತ್ರ ಮ್ಯೂಸಿಯಂನಲ್ಲಿ ಸಿಕ್ಕಿತು ಎಂದಾಗ ಅಳತೆಯನ್ನು ಹೋಲಿಸಿ. ಕಾಗದ ಹಿಗ್ಗುವುದು ಕುಗ್ಗುವುದು ಇದ್ದದ್ದೇ, ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರಲಿ. ಹತ್ತು ಮಿಲಿಮೀಟರ್ ಆದರೆ ಬೇರೆ ತಗಡು. ಆಮೇಲೆ ಒಂದು ಸಣ್ಣ ಭಾಗ ಆರಿಸಿಕೊಳ್ಳಿ, ಉದಾಹರಣೆಗೆ ಎಡ ತೋಳಿನ ಮಡಿಕೆ. ಅಲ್ಲಿನ ಗೆರೆಗಳನ್ನು ಒಂದೊಂದಾಗಿ ಎಣಿಸಿ ಹೋಲಿಸಿ. ನಕಲು ಮಾಡಿದವನು ಮುಖವನ್ನು ನಿಷ್ಠೆಯಿಂದ ಮಾಡಿರುತ್ತಾನೆ, ತೋಳಿನಲ್ಲಿ ಉದಾಸೀನ ಮಾಡಿರುತ್ತಾನೆ.

ಎಡ ಬಲ ತಿರುಗಿದೆಯೇ ಎಂದೂ ನೋಡಬೇಕು. ಅಚ್ಚು ಹಾಕಿದಾಗ ಚಿತ್ರ ಕನ್ನಡಿಯಂತೆ ತಿರುಗುತ್ತದೆ. ಒಳ್ಳೆಯ ಕೆತ್ತನೆಗಾರ ತಗಡಿನಲ್ಲೇ ತಿರುಗಿಸಿ ಕೆತ್ತುತ್ತಾನೆ. ಅವಸರದಲ್ಲಿ ಕದ್ದು ನಕಲು ಮಾಡಿದವನು ಇದ್ದ ಹಾಗೆ ಕೆತ್ತುತ್ತಾನೆ, ಸೇನಾಪತಿಯ ಕತ್ತಿ ಬಲ ಸೊಂಟಕ್ಕೆ ಹೋಗುತ್ತದೆ.

ಇನ್ನೊಂದು ಮಾತು. ಹೆಸರು ಸಿಕ್ಕಿತು ಅಂದ ಮಾತ್ರಕ್ಕೆ ಚಿತ್ರ ನಂಬಲರ್ಹ ಎಂದಲ್ಲ. ಟಿಪ್ಪುವಿನ ಪತನದ ಪ್ರಸಿದ್ಧ ಚಿತ್ರ ಬರೆದ ರಾಬರ್ಟ್ ಕೆರ್ ಪೋರ್ಟರ್ ಭಾರತವನ್ನೇ ಕಂಡಿರಲಿಲ್ಲ. ಲಂಡನ್ನಿನಲ್ಲಿ ಕೂತು ಬರೆದ. ಅದನ್ನು ಕೆತ್ತಿದ್ದು ಬಾರ್ತೊಲೊಜ್ಜಿಯ ಶಿಷ್ಯ ಜಿಯೊವಾನಿ ವೆಂದ್ರಾಮಿನಿ. ಅದೇ ಕಾಲದ ಥಾಮಸ್ ಹಿಕಿ ಮಾತ್ರ ಇಲ್ಲಿಗೆ ಬಂದು ಮೈಸೂರಿನ ಜನರನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿದವನು. ಕೆಳಗಿನ ಹೆಸರು ಯಾರದ್ದು ಎಂಬುದರ ಮೇಲೆ ಮುಖದ ಬೆಲೆಯೂ ಬದಲಾಗುತ್ತದೆ.

ರವಿವರ್ಮನ ಚಿತ್ರಗಳ ಬಗ್ಗೆ

ನಮ್ಮಲ್ಲಿ ಜಾಸ್ತಿ ಸಿಗುವುದು 1894ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಲೋನಾವಳದ ಬಳಿಗೆ ಹೋದ ರವಿವರ್ಮ ಪ್ರೆಸ್ಸಿನ ಓಲಿಯೋಗ್ರಾಫ್‌ಗಳು. ಇವು ಬಣ್ಣದ ಕಲ್ಲಚ್ಚುಗಳೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಮೇಲೆ ವಾರ್ನಿಶ್. ಕೆಲವೊಮ್ಮೆ ಬಟ್ಟೆಯ ಮೇಲೆ ಬರೆದಂತೆ ಕಾಣಲಿ ಎಂದು ಒತ್ತಿದ ನೇಯ್ಗೆಯ ಗುರುತು. ಲೆನ್ಸಿನಲ್ಲಿ ಚುಕ್ಕೆಗಳು ಅಡ್ಡಾದಿಡ್ಡಿಯಾಗಿದ್ದರೆ ಹಳೆಯದು, ಸಾಲಾಗಿದ್ದರೆ ಹೊಸ ನಕಲು. ಪ್ರೆಸ್ಸನ್ನು ಜರ್ಮನಿಯ ಫ್ರಿಟ್ಸ್ ಶ್ಲೈಖರ್ ಕೊಂಡ ಮೇಲೆಯೂ ಅದೇ ಹೆಸರಿನಲ್ಲಿ ಅಚ್ಚು ನಡೆಯಿತು. ಹಾಗಾಗಿ ಅಂಚಿನಲ್ಲಿ ರವಿವರ್ಮ ಪ್ರೆಸ್, ಕಾರ್ಲಾ ಎಂದಿದ್ದರೆ ಅಚ್ಚಾದ ಜಾಗ ಗೊತ್ತಾಯಿತು ಅಷ್ಟೇ, ಚಿತ್ರ ರವಿವರ್ಮನದ್ದೇ ಎಂದು ಸಾಬೀತಾಗಲಿಲ್ಲ. ಒಳಗಿನ ಸಹಿ ನೋಡಿ, ಮೂಲ ಚಿತ್ರ ಯಾವುದು ಎಂದು ಹುಡುಕಿ.

ಯಾರನ್ನು ಕೇಳುವುದು, ಏನು ಬರೆದಿಡುವುದು

ಮಿಶನರಿಗಳ ಭಾವಚಿತ್ರವಾದರೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ವಿಚಾರಿಸಿ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಬಾಸೆಲ್ ಮಿಶನ್ನಿನ ವಾರಸುದಾರ ಸಂಸ್ಥೆ ಮಿಶನ್ 21ರ ಸಂಗ್ರಹವಿದೆ, ಅದರ ಚಿತ್ರಗಳನ್ನು ಇಂಟರ್ನೆಟ್‌ನಲ್ಲೇ ನೋಡಬಹುದು. ಕ್ಯಾಥೊಲಿಕ್ ಚಿತ್ರಗಳಿಗೆ ಸಂತ ಅಲೋಶಿಯಸ್ ವಿಶ್ವವಿದ್ಯಾಲಯದ (ಹಿಂದಿನ ಕಾಲೇಜಿನ) ಅಲೋಶಿಯಂ ಮ್ಯೂಸಿಯಂ. ದೂರದ ಮ್ಯೂಸಿಯಂಗೆ ಇಮೇಲ್ ಮಾಡುವುದಾದರೆ ಪೂರ್ತಿ ಹಾಳೆ, ಅಕ್ಷರಗಳ ಸಾಲು, ಲೆನ್ಸಿನ ಮೂಲಕ ಕೆನ್ನೆ, ಹಿಂಬದಿ, ಈ ನಾಲ್ಕು ಫೋಟೋ ಮತ್ತು ಮೂರು ಅಳತೆ ಕಳಿಸಿ. ಇದು ಎಷ್ಟು ಬೆಲೆ ಬಾಳುತ್ತದೆ ಎಂದು ಮಾತ್ರ ಕೇಳಬೇಡಿ. ಮ್ಯೂಸಿಯಂನವರು ಬೆಲೆ ಹೇಳುವುದಿಲ್ಲ, ಆ ಪ್ರಶ್ನೆ ಕಂಡರೆ ಉಳಿದದ್ದಕ್ಕೂ ಉತ್ತರ ಬಾರದೆ ಹೋಗಬಹುದು.

ಪರೀಕ್ಷೆಗೆಂದು ಹಾಳೆಯನ್ನೇ ವಿದೇಶದ ಸಂಬಂಧಿಕರ ಕೈಯಲ್ಲಿ ಕಳಿಸಬೇಡಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ.

ಕೊನೆಗೆ ಸಿಕ್ಕಿದ್ದನ್ನು ಬರೆದಿಡುವ ರೀತಿ. ಕೆತ್ತಿದವನ ಹೆಸರು ಮೊದಲು, ಆಮೇಲೆ ಇಂಥವರ ಮೂಲ ಚಿತ್ರದಿಂದ ಎಂದು, ಆಮೇಲೆ ವಿಧಾನ, ಪ್ರಕಾಶಕ, ಊರು, ತಾರೀಕು, ಅಳತೆ. ತಗಡಿನ ಮೇಲೆ ಓದಿದ್ದು ಯಾವುದು, ನೀವು ಊಹಿಸಿದ್ದು ಯಾವುದು ಎಂದು ಬೇರೆ ಬೇರೆಯಾಗಿ ಬರೆಯಿರಿ. ಊಹೆಯ ಮುಂದೆ ಪ್ರಶ್ನೆ ಚಿಹ್ನೆ ಹಾಕಿ, ನಾಚಿಕೆ ಬೇಡ, ದೊಡ್ಡ ಮ್ಯೂಸಿಯಂಗಳೂ ಹಾಕುತ್ತವೆ. ಇದನ್ನೆಲ್ಲ ಬೇರೆ ಕಾಗದದಲ್ಲಿ ಪೆನ್ಸಿಲಿನಿಂದ ಬರೆದು, ಫ್ರೇಮಿನ ಹಿಂಬದಿ ಲಕೋಟೆಯಲ್ಲಿ ಇಡಿ. ಚಿತ್ರದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಶಾಯಿ ಮುಂಭಾಗಕ್ಕೆ ಇಳಿಯುತ್ತದೆ.